ಶುದ್ಧ ಕ್ರಯಪತ್ರವೆಂಬ ಅಶುದ್ಧ ಕಾಗದ

ಕಳೆದ ತಿಂಗಳು ಒಂದು ಭಾನುವಾರ ಕಂಪ್ಲಿಯಿಂದ ನನ್ನ ಹಳೆಯ ಶಿಷ್ಯನೊಬ್ಬ ಮನೆಗೆ ಬಂದಿದ್ದ. ಕಾಲುಮುಟ್ಟಿ ನಮಸ್ಕರಿಸಿ, ಕಾಫಿ ಕುಡಿದು, ಮಕ್ಕಳುಮರಿಗಳ ಸಮಾಚಾರವೆಲ್ಲ ಮುಗಿದ ಮೇಲೆ ಚೀಲದಿಂದ ಒಂದು ಪ್ಲಾಸ್ಟಿಕ್ ಫೈಲನ್ನು ಹೊರತೆಗೆದ. “ಸಾರ್, ನಾಳೆ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಬಂದು ಒಂದು ಸಾಕ್ಷಿ ಸಹಿ ಹಾಕಬೇಕು. ನೀವಂದ್ರೆ ಎಲ್ಲಾರಿಗೂ ನಂಬಿಕೆ” ಎಂದ. ಮಗಳ ಕಾಲೇಜಿನ ಶುಲ್ಕ, ಭತ್ತದ ಗದ್ದೆಗೆ ಸುರಿದ ಖರ್ಚು ಎಲ್ಲ ಸೇರಿ ಮೂರು ಲಕ್ಷ ರೂಪಾಯಿ ಸಾಲ ಎತ್ತಬೇಕಾಗಿತ್ತಂತೆ. ಕನ್ನಡಕ ಹಾಕಿಕೊಂಡು ಕರಡನ್ನು ಓದಿದೆ. ಮೊದಲನೆಯ ಸಾಲಿನಲ್ಲಿಯೇ ದಪ್ಪಕ್ಷರಗಳಲ್ಲಿ “ಶುದ್ಧ ಕ್ರಯಪತ್ರ” ಎಂದಿತ್ತು.

“ನೀನು ಮನೆ ಮಾರುತ್ತಿದ್ದೀಯೇನಪ್ಪಾ?” ಎಂದೆ.

ಅವನು ನಕ್ಕ. “ಇಲ್ಲ ಸಾರ್, ಸಾಲಕ್ಕೆ ಭದ್ರತೆ ಅಷ್ಟೇ. ಬರೀ ಫಾರ್ಮಾಲಿಟಿ. ದುಡ್ಡು ತೀರಿಸಿದ ದಿನ ತಿರುಗಿ ನನ್ನ ಹೆಸರಿಗೇ ಬರೆದುಕೊಡ್ತಾರೆ.”

ನಾನು ಸಹಿ ಹಾಕುವುದಿಲ್ಲವೆಂದೆ. ಅವನ ಮುಖ ಬಾಡಿತು. ಉಂಡು ಹೋಗೆಂದರೂ ಕೇಳದೆ ಸಂಜೆಯ ಬಸ್ಸಿಗೆ ಹೊರಟುಹೋದ. ಕಾರಣವನ್ನು ಅವನಿಗೆ ಅಂದು ಸರಿಯಾಗಿ ವಿವರಿಸಲು ನನಗೆ ಬಾಯಿ ಬರಲಿಲ್ಲ. ವಿವರಿಸಬೇಕಾದರೆ ನನ್ನದೊಂದು ಹಳೆಯ ತಪ್ಪನ್ನೂ ಒಪ್ಪಿಕೊಳ್ಳಬೇಕಾಗಿತ್ತು. ಅದನ್ನು ಇಂದು ನಿಮ್ಮೆಲ್ಲರ ಮುಂದೆ ಒಪ್ಪಿಕೊಳ್ಳುತ್ತಿದ್ದೇನೆ. ನಿಮ್ಮಲ್ಲಿ ಎಷ್ಟೋ ಮಂದಿ ಈಗ ಸ್ವಂತ ಮನೆ ಕಟ್ಟಿಕೊಂಡಿದ್ದೀರಿ. ಎಷ್ಟೋ ಮಂದಿಯ ತಂದೆತಾಯಿಗಳು ಊರಿನ ಹಳೆಯ ಮನೆಯಲ್ಲಿ ಒಂಟಿಯಾಗಿದ್ದಾರೆ. ಆದ್ದರಿಂದ ಈ ಬರಹವನ್ನು ದಯವಿಟ್ಟು ಕೊನೆಯವರೆಗೆ ಓದಿರಿ.

ಅದು 2010ನೆಯ ಇಸವಿ. ಸಂಡೂರಿನ ಗುಡ್ಡಗಳ ಮಣ್ಣು ಚಿನ್ನವಾಗಿದ್ದ ಕಾಲ. ಹೊಸಪೇಟೆ-ಸಂಡೂರು ರಸ್ತೆಯ ಮರಗಳ ಎಲೆಗಳು ಹಸಿರೆಂಬುದನ್ನೇ ಮರೆತು ಕೆಂಪಾಗಿದ್ದವು. ತರಗತಿಯಲ್ಲಿ ಪಾಠ ಮಾಡುವಾಗ ಅದಿರಿನ ಲಾರಿಗಳ ಸದ್ದಿಗೆ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲವೆಂಬುದು ನಿಮಗೂ ನೆನಪಿರಬಹುದು. ಕೈಯಲ್ಲಿ ನಾಲ್ಕು ಕಾಸಿದ್ದವರೆಲ್ಲ ಲಾರಿ ಕೊಂಡರು. ಕಾಸಿಲ್ಲದವರು ಸಾಲ ಮಾಡಿ ಕೊಂಡರು. ನನ್ನ ವಿದ್ಯಾರ್ಥಿಯೊಬ್ಬನ ತಂದೆ ಚಿತ್ತವಾಡ್ಗಿಯ ಕಡೆಯವರು, ಒಂದು ಲಾರಿಯಿಂದ ಸಂಸಾರ ನಡೆಸುತ್ತಿದ್ದವರು, ಎರಡನೆಯದನ್ನು ಕೊಳ್ಳಲು ಹೊರಟರು. ಲಾರಿಯ ಮೇಲಿನ ಸಾಲ ಸಾಲದೆ ಬಂದಾಗ ಖಾಸಗಿಯವರೊಬ್ಬರಲ್ಲಿ ನಾಲ್ಕು ಲಕ್ಷ ಕೇಳಿದರು. ಆತ ಸಂತೋಷವಾಗಿ ಕೊಟ್ಟ. ಭದ್ರತೆಗೆಂದು ಮನೆಯ ಮೇಲೆ ಕಾಗದ ಬರೆಸಿಕೊಂಡ. ಸಾಕ್ಷಿಯಾಗಿ ನನ್ನನ್ನು ಕರೆದರು. ಹೈಸ್ಕೂಲು ಮೇಷ್ಟ್ರ ಸಹಿ ಇದ್ದರೆ ಕಾಗದಕ್ಕೆ ಒಂದು ತೂಕ ಎಂದರು. ಆ ಮಾತಿಗೆ ನಾನು ಉಬ್ಬಿದೆ. ಓದದೆ ಸಹಿ ಮಾಡಿದೆ. ಮಕ್ಕಳಿಗೆ “ಪ್ರಶ್ನೆಪತ್ರಿಕೆಯನ್ನು ಎರಡು ಸಲ ಓದಿ ಉತ್ತರಿಸಿ” ಎಂದು ಜೀವಮಾನವೆಲ್ಲ ಬೋಧಿಸಿದವನು ಒಬ್ಬರ ಮನೆಯನ್ನು ಬರೆದುಕೊಟ್ಟ ಕಾಗದವನ್ನು ಒಂದು ಸಲವೂ ಓದಲಿಲ್ಲ.

2011ರ ಜುಲೈ ಕೊನೆಯಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಹೊರಬಂದಿತು. ಅದೇ ವಾರ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಆ ತೀರ್ಪು ಬರಬೇಕಾಗಿದ್ದ ತೀರ್ಪೇ. ಅದರ ಬಗ್ಗೆ ನನಗೆ ಎರಡನೆಯ ಮಾತಿಲ್ಲ. ಆದರೆ ಗುಡ್ಡ ಅಗೆದು ಕೋಟಿ ಗಳಿಸಿದವರು ಒಬ್ಬರು, ಅಂಗಳದಲ್ಲಿ ಲಾರಿ ನಿಲ್ಲಿಸಿಕೊಂಡು ಕಂತು ಕಟ್ಟಲಾಗದೆ ಕುಳಿತವರು ಬೇರೊಬ್ಬರು. ಎರಡೂ ಲಾರಿಗಳನ್ನು ಸಾಲ ಕೊಟ್ಟ ಕಂಪನಿಗಳು ಎಳೆದೊಯ್ದವು. ಬಡ್ಡಿ ನಿಂತಿತು. 2013ರಲ್ಲಿ ಒಂದು ಬೆಳಿಗ್ಗೆ ಯಾರೋ ಅಪರಿಚಿತರು ಬಂದು “ಈ ಮನೆಯನ್ನು ನಾವು ಕೊಂಡಿದ್ದೇವೆ, ಖಾಲಿ ಮಾಡಿ” ಎಂದರು. ಸಾಲ ಕೊಟ್ಟವನು ಮನೆಯನ್ನು ಮೂರನೆಯವರಿಗೆ ಮಾರಿಯಾಗಿತ್ತು. ಅವನ ಕೈಯಲ್ಲಿದ್ದುದು ಅಡಮಾನದ ಪತ್ರವಲ್ಲ, ಶುದ್ಧ ಕ್ರಯಪತ್ರ. ಕೆಳಗೆ ನನ್ನ ಸಹಿ.

ಆ ತಂದೆ ನನ್ನ ಬಳಿ ಬಂದರು. “ಸಾರ್, ನೀವಿದ್ರಲ್ಲ, ಸಾಲ ಅಂತನೇ ಕೊಟ್ಟಿದ್ದು. ನೀವು ಹೇಳ್ರಿ” ಎಂದರು. ನಾನೇನು ಹೇಳಿದೆ ಗೊತ್ತೆ? “ಕೋರ್ಟು ಕಚೇರಿ ನಮ್ಮಂಥವರಿಗೆ ಆಗುವುದಿಲ್ಲ. ನೋಂದಣಿಯಾದ ಪತ್ರದ ಮುಂದೆ ಬಾಯಿಮಾತು ನಿಲ್ಲುವುದಿಲ್ಲ” ಎಂದೆ. ಬುದ್ಧಿವಂತನಂತೆ ಹೇಳಿದೆ. ಅವರು ಮರುಮಾತಿಲ್ಲದೆ ಹೋದರು. ಬಾಡಿಗೆ ಮನೆಯಲ್ಲಿಯೇ ತೀರಿಕೊಂಡರು. ಎಷ್ಟೋ ವರ್ಷಗಳ ಮೇಲೆ ವಕೀಲ ಮಿತ್ರರೊಬ್ಬರಿಂದ ತಿಳಿಯಿತು, ನಾನು ಅಂದು ಹೇಳಿದ್ದು ಪೂರ್ಣ ಸತ್ಯವಲ್ಲವೆಂದು. ಸಾಲದ ಭದ್ರತೆಗಾಗಿ ಹೆಸರಿಗೆ ಮಾತ್ರ ಬರೆದ ಕ್ರಯಪತ್ರದ ವಿಷಯದಲ್ಲಿ, “ಇದು ಜಾರಿಗೆ ತರಬೇಕೆಂದು ಬರೆದ ಪತ್ರವೇ ಅಲ್ಲ” ಎಂಬುದನ್ನು ಬಾಯಿಮಾತಿನ ಸಾಕ್ಷ್ಯದಿಂದ ತೋರಿಸಬಹುದೆಂದು ಸುಪ್ರೀಂ ಕೋರ್ಟು ಗಂಗಾಬಾಯಿ ಮತ್ತು ಛಬೂಬಾಯಿ ಎಂಬವರ ನಡುವಣ ಮೊಕದ್ದಮೆಯಲ್ಲಿ ಹೇಳಿತ್ತು. 1982ರ ಕಾನೂನು ವರದಿಗಳಲ್ಲಿ ಆ ತೀರ್ಪು ಅಚ್ಚಾಗಿದೆ. ಗೆಲ್ಲುತ್ತಿದ್ದರೋ ಇಲ್ಲವೋ, ಅದು ಬೇರೆ ಮಾತು. ಆದರೆ ಅವರಿಗಿದ್ದ ಒಬ್ಬ ಸಾಕ್ಷಿ ನಾನು, ಮತ್ತು ನಾನು ಅವರನ್ನು ಬಾಗಿಲಿನಿಂದಲೇ ಕಳಿಸಿದ್ದೆ.

ಈಗ ಆ ಕಾಗದದ ಒಳಗುಟ್ಟಿಗೆ ಬರೋಣ. ನಮ್ಮ ದೇಶದ ಸ್ವತ್ತು ವರ್ಗಾವಣೆ ಕಾಯ್ದೆ 1882ರದು. ಸಾಲಕ್ಕೆ ಮನೆಯನ್ನು ಒತ್ತೆಯಿಡುವ ಹಲವು ಬಗೆಗಳನ್ನು ಅದು ಹೇಳುತ್ತದೆ. ಮನೆ ನಮ್ಮ ಸ್ವಾಧೀನದಲ್ಲಿಯೇ ಇರುವ ಸಾದಾ ಅಡಮಾನವುಂಟು, ಮನೆಯನ್ನು ಸಾಲ ಕೊಟ್ಟವನ ಅನುಭೋಗಕ್ಕೆ ಬಿಡುವ ಭೋಗ್ಯವುಂಟು, ಹಕ್ಕುಪತ್ರಗಳನ್ನು ಠೇವಣಿಯಿಡುವ ಪದ್ಧತಿಯುಂಟು, ಶರತ್ತಿನ ಕ್ರಯವೂ ಉಂಟು. ಇವುಗಳಲ್ಲಿ ಯಾವುದಾದರೂ ಸರಿ, ಹಣ ತೀರಿಸಿ ಮನೆ ಬಿಡಿಸಿಕೊಳ್ಳುವ ಹಕ್ಕು ಮಾಲೀಕನಿಗೆ ಉಳಿದಿರುತ್ತದೆ. ಒಮ್ಮೆ ಅಡಮಾನವಾದದ್ದು ಎಂದೆಂದಿಗೂ ಅಡಮಾನವೇ ಎಂಬುದು ನ್ಯಾಯಾಲಯಗಳು ಒಪ್ಪಿದ ತತ್ತ್ವ. ಬಿಡಿಸಿಕೊಳ್ಳಲು ದಾವೆ ಹೂಡುವುದಕ್ಕೆ ಕಾಲಮಿತಿ ಕಾಯ್ದೆ 30 ವರ್ಷಗಳ ಅವಕಾಶ ಕೊಡುತ್ತದೆ. ಆದರೆ ಕ್ರಯಪತ್ರವನ್ನು ರದ್ದು ಮಾಡಿಸಬೇಕೆಂದರೆ, ಮೋಸ ತಿಳಿದ ದಿನದಿಂದ ಕೇವಲ 3 ವರ್ಷ. ಒಂದೇ ಮನೆ, ಒಂದೇ ಸಾಲ, ಒಂದೇ ಸಹಿ. ಶೀರ್ಷಿಕೆಯ ಒಂದು ಪದ ಬದಲಾದರೆ ಮೂವತ್ತು ಹೋಗಿ ಮೂರಾಗುತ್ತದೆ.

ಇನ್ನೂ ಸೂಕ್ಷ್ಮವಾದದ್ದೊಂದುಂಟು. “ದುಡ್ಡು ಕೊಟ್ಟರೆ ತಿರುಗಿ ಬರೆದುಕೊಡುತ್ತೇನೆ” ಎಂಬ ಶರತ್ತು ಕ್ರಯಪತ್ರದ ಒಳಗೇ ಬರೆದಿರಬೇಕು. ಬೇರೆ ಕಾಗದದಲ್ಲಿ ಬರೆದರೆ ಆ ವ್ಯವಹಾರವನ್ನು ಅಡಮಾನವೆಂದು ಎಣಿಸಬಾರದೆಂದು 1929ರಲ್ಲಿ ಮಾಡಿದ ತಿದ್ದುಪಡಿ ಹೇಳುತ್ತದೆ. ಇದನ್ನು ಬಡ್ಡಿ ವ್ಯಾಪಾರಿಗಳು ಚೆನ್ನಾಗಿ ಓದಿಕೊಂಡಿದ್ದಾರೆ. ಆದ್ದರಿಂದಲೇ ಅವರು ಒಂದು ಕಡೆ ಶುದ್ಧ ಕ್ರಯಪತ್ರವನ್ನು ನೋಂದಣಿ ಮಾಡಿಸಿಕೊಳ್ಳುತ್ತಾರೆ, ಇನ್ನೊಂದು ಕಡೆ ನಮ್ಮ ಸಮಾಧಾನಕ್ಕೆ ಇಪ್ಪತ್ತು ರೂಪಾಯಿಯ ಛಾಪಾ ಕಾಗದದಲ್ಲಿ ಒಂದು ಒಪ್ಪಂದ ಗೀಚಿಕೊಡುತ್ತಾರೆ. ಆ ಚೀಟಿಯನ್ನು ನಮ್ಮವರು ದೇವರಪಟದ ಹಿಂದೆ ಭದ್ರವಾಗಿಡುತ್ತಾರೆ.

“ಬರೀ ಫಾರ್ಮಾಲಿಟಿ” ಎನ್ನುವವರಿಗೆ ನಾನು ಕೇಳುವ ಪ್ರಶ್ನೆ ಒಂದೇ. ಸ್ವಾಧೀನ ಬಿಡದ ಸಾದಾ ಅಡಮಾನಕ್ಕೆ ತಗಲುವ ಮುದ್ರಾಂಕ ಶುಲ್ಕ ಕ್ರಯಪತ್ರದ ಶುಲ್ಕಕ್ಕಿಂತ ಬಹಳ ಕಡಿಮೆ. ಒಂದು ರೂಪಾಯಿ ಬಡ್ಡಿ ಬಿಡದ ಮನುಷ್ಯ ಬರಿಯ ಶಾಸ್ತ್ರಕ್ಕಾಗಿ ಅಷ್ಟು ಹೆಚ್ಚಿನ ಹಣವನ್ನು ಸರ್ಕಾರಕ್ಕೆ ಏಕೆ ಕಟ್ಟುತ್ತಾನೆ? ಅವನಿಗೆ ಬೇಕಾದದ್ದು ಬಡ್ಡಿಯಲ್ಲ, ಮನೆ.

ಹಂಪಿಗೆ ನಿಮ್ಮನ್ನು ಕರೆದೊಯ್ದಾಗಲೆಲ್ಲ ವಿರೂಪಾಕ್ಷನ ಗುಡಿಯಲ್ಲಿ ಕೃಷ್ಣದೇವರಾಯನ ಪಟ್ಟಾಭಿಷೇಕ ಕಾಲದ ಶಾಸನದ ಮುಂದೆ ನಿಲ್ಲಿಸುತ್ತಿದ್ದೆನಲ್ಲವೆ? ದೇವರಿಗೆ ಸಿಂಗೇನಾಯಕನಹಳ್ಳಿಯನ್ನು ದತ್ತಿಬಿಟ್ಟ ವಿಷಯ ಅದರಲ್ಲಿದೆ. ಕೊಟ್ಟವರು ಯಾರು, ಏನನ್ನು ಕೊಟ್ಟರು, ಯಾತಕ್ಕಾಗಿ ಕೊಟ್ಟರು ಎಂಬುದನ್ನು ಕಲ್ಲಿನ ಮೇಲೆ ಕೊರೆದು, ಬರುವ ಹೋಗುವ ಎಲ್ಲರ ಕಣ್ಣೆದುರು ನಿಲ್ಲಿಸಿದರು. ಕೊಟ್ಟದ್ದು ಒಂದು, ಬರೆದದ್ದು ಇನ್ನೊಂದು ಎಂಬ ಚಮತ್ಕಾರ ಅಲ್ಲಿಲ್ಲ. ಐನೂರು ವರ್ಷಗಳ ಮೇಲೆ ನಾವು ಸಾಲ ಎಂದು ಬಾಯಲ್ಲಿ ಹೇಳಿ ಮಾರಾಟ ಎಂದು ಬರೆದುಕೊಡುವಷ್ಟು ಮುಂದುವರಿದಿದ್ದೇವೆ.

ಸರ್ಕಾರ ಏನೂ ಮಾಡಿಲ್ಲವೆಂದು ನಾನು ಹೇಳಲಾರೆ. ಬಳ್ಳಾರಿ ಸೀಮೆ ಮದರಾಸು ಪ್ರಾಂತಕ್ಕೆ ಸೇರಿದ್ದಾಗಲೇ, 1938ರಲ್ಲಿ, ರೈತರ ಸಾಲದ ಹೊರೆ ಇಳಿಸುವ ಕಾಯ್ದೆ ಬಂದಿತ್ತು. ದೇವರಾಜ ಅರಸರ ಕಾಲದಲ್ಲಿ, 1976ರಲ್ಲಿ, ಋಣ ಪರಿಹಾರ ಕಾಯ್ದೆ ಬಂದಿತು. ಜನರು ಋಣಮುಕ್ತ ಕಾಯ್ದೆಯೆಂದು ಕರೆದ 2018ರ ಕಾನೂನು 2019ರಲ್ಲಿ ಜಾರಿಯಾಯಿತು. 1961ರ ಲೇವಾದೇವಿ ಕಾಯ್ದೆಯಂತೆ ಪರವಾನಗಿಯಿಲ್ಲದೆ ಬಡ್ಡಿ ವ್ಯಾಪಾರ ಮಾಡುವಂತಿಲ್ಲ. 2004ರಲ್ಲಿ ಮಿತಿಮೀರಿದ ಬಡ್ಡಿಯನ್ನು ನಿಷೇಧಿಸುವ ಕಾಯ್ದೆಯೂ ಬಂದಿದೆ. 2025ರ ಫೆಬ್ರುವರಿಯಲ್ಲಿ ಕಿರುಸಾಲ, ಸಣ್ಣಸಾಲಗಳ ಬಲವಂತದ ವಸೂಲಿಯನ್ನು ತಡೆಯಲು ಸುಗ್ರೀವಾಜ್ಞೆ ಹೊರಟಿತು. ಬಳಿಕ ಅದು ಕಾಯ್ದೆಯಾಯಿತು. ತಪ್ಪಿದವರಿಗೆ 10 ವರ್ಷಗಳವರೆಗೆ ಸೆರೆವಾಸ, 5 ಲಕ್ಷ ರೂಪಾಯಿಗಳವರೆಗೆ ದಂಡ.

ಇಷ್ಟೆಲ್ಲ ಕಾನೂನುಗಳಿದ್ದೂ ಚಿತ್ತವಾಡ್ಗಿಯ ಆ ಮನೆ ಹೇಗೆ ಹೋಯಿತು? ಉತ್ತರ ಸರಳ. ಈ ಕಾನೂನುಗಳೆಲ್ಲ ಸಾಲವನ್ನು ಹುಡುಕಿಕೊಂಡು ಬರುತ್ತವೆ. ಕಾಗದದಲ್ಲಿ ಸಾಲವೇ ಇಲ್ಲ! ಅಲ್ಲಿರುವುದು ಒಬ್ಬ ಮಾರಾಟಗಾರ, ಒಬ್ಬ ಖರೀದಿದಾರ, “ಪೂರ್ಣ ಹಣ ಮುಟ್ಟಿದೆ” ಎಂಬ ಹೇಳಿಕೆ. ಬಡ್ಡಿಯ ಸುದ್ದಿಯಿಲ್ಲ, ಕಂತಿನ ಸುದ್ದಿಯಿಲ್ಲ. ಸಾಲಗಾರನನ್ನು ರಕ್ಷಿಸಲು ಬಂದ ಅಧಿಕಾರಿಗೆ ಅಲ್ಲಿ ಸಾಲಗಾರನೇ ಸಿಕ್ಕುವುದಿಲ್ಲ. ನಾವು ಸಹಿ ಹಾಕಿದ ಗಳಿಗೆಯಲ್ಲಿಯೇ ಇಷ್ಟೂ ಕಾಯ್ದೆಗಳ ನೆರಳಿನಿಂದ ಹೊರಗೆ ಬಂದು ಬಿಸಿಲಿನಲ್ಲಿ ನಿಂತಿರುತ್ತೇವೆ.

ಲೆಕ್ಕವನ್ನೂ ಸ್ವಲ್ಪ ನೋಡಿ. ನಮ್ಮ ರಾಜ್ಯದಲ್ಲಿ ಲೇವಾದೇವಿಗಾರರು ಭದ್ರತೆಯಿರುವ ಸಾಲಕ್ಕೆ ವರ್ಷಕ್ಕೆ ಶೇಕಡಾ 14ಕ್ಕಿಂತ, ಭದ್ರತೆಯಿಲ್ಲದ ಸಾಲಕ್ಕೆ ಶೇಕಡಾ 16ಕ್ಕಿಂತ ಹೆಚ್ಚು ಬಡ್ಡಿ ಪಡೆಯುವಂತಿಲ್ಲ. ಶೇಕಡಾ 14 ಎಂದರೆ ತಿಂಗಳಿಗೆ ನೂರಕ್ಕೆ ಸುಮಾರು ಒಂದು ರೂಪಾಯಿ ಹದಿನೇಳು ಪೈಸೆ. ನಮ್ಮ ಬೀದಿಗಳಲ್ಲಿ ಕೇಳಿಬರುವ ದರವೇನು? “ಮೂರು ರೂಪಾಯಿ ಬಡ್ಡಿ”, “ಐದು ರೂಪಾಯಿ ಬಡ್ಡಿ”. ಹೇಳುವಾಗ ಎಳ್ಳಿನಷ್ಟು. ಐದು ರೂಪಾಯಿ ಬಡ್ಡಿಯೆಂದರೆ ವರ್ಷಕ್ಕೆ ಶೇಕಡಾ 60. ಮೂರು ಲಕ್ಷಕ್ಕೆ ತಿಂಗಳಿಗೆ 15,000 ರೂಪಾಯಿ. ಇಪ್ಪತ್ತು ತಿಂಗಳು ಕಟ್ಟಿದರೆ ಮೂರು ಲಕ್ಷವೇ ಹೋಯಿತು. ಅಸಲು ಮಾತ್ರ ಗುಡ್ಡದಂತೆ ಕುಳಿತಲ್ಲೇ ಕುಳಿತಿರುತ್ತದೆ. ಇದು ಏಳನೆಯ ತರಗತಿಯ ಸರಳ ಬಡ್ಡಿಯ ಲೆಕ್ಕ. ಪರೀಕ್ಷೆಯಲ್ಲಿ ನೂರಕ್ಕೆ ನೂರು ಪಡೆದವರೂ ಬಾಳಿನಲ್ಲಿ ಈ ಲೆಕ್ಕದಲ್ಲಿ ತಪ್ಪುತ್ತಾರೆ.

ಬ್ಯಾಂಕಿನ ಸಾಲ ಮಾಡಿದವರಿಗೆ ಈ ಕಾಟವಿಲ್ಲವೆಂದು ತಿಳಿಯಬೇಡಿ. ಅಲ್ಲಿ ಬೇರೆ ಬಗೆಯ ಹದ್ದುಗಳಿವೆ. ಕಂತು ತಪ್ಪಿ ಸಾಲ ವಸೂಲಾಗದ ಸಾಲವೆನಿಸಿದಾಗ, ಸರ್ಫೇಸಿ ಎಂದು ಕರೆಯುವ 2002ರ ಕಾಯ್ದೆಯಂತೆ ಬ್ಯಾಂಕು 60 ದಿನಗಳ ನೋಟಿಸು ಕೊಡಬೇಕು. ನಾವು ಆಕ್ಷೇಪಣೆ ಬರೆದರೆ 15 ದಿನಗಳಲ್ಲಿ ಉತ್ತರಿಸಬೇಕು. ಆಮೇಲೆ ಸ್ವಾಧೀನಕ್ಕೆ ತೆಗೆದುಕೊಂಡರೆ ಅದನ್ನು ಎರಡು ಪತ್ರಿಕೆಗಳಲ್ಲಿ ಪ್ರಕಟಿಸಬೇಕು, ಅವುಗಳಲ್ಲಿ ಒಂದು ಸ್ಥಳೀಯ ಭಾಷೆಯದು. ಹೆಸರು, ವಿಳಾಸ, ಬಾಕಿ ಎಲ್ಲವೂ ಅಚ್ಚಾಗುತ್ತವೆ. ಆ ಪ್ರಕಟಣೆಯನ್ನು ನೆಂಟರಿಗಿಂತ ಮೊದಲು ಓದುವವನು ದಲ್ಲಾಳಿ. ಮರುದಿನವೇ ಬಾಗಿಲು ತಟ್ಟುತ್ತಾನೆ. “ಮ್ಯಾನೇಜರು ನಮ್ಮವರೇ, ಹರಾಜು ನಿಲ್ಲಿಸುತ್ತೇನೆ, ಅರ್ಧಕ್ಕೆ ತೀರುವಳಿ ಮಾಡಿಸುತ್ತೇನೆ. ಒಂದು ಜಿಪಿಎ ಬರೆದುಕೊಡಿ ಸಾಕು” ಎನ್ನುತ್ತಾನೆ. ಮುಂಗಡ ಹಣ ಒಂದು ಕಡೆ ಹೋಯಿತು. ಜಿಪಿಎ ಇನ್ನೊಂದು ಕಡೆ ಕೆಲಸ ಮಾಡುತ್ತದೆ. ಎಲ್ಲಕ್ಕಿಂತ ಅಮೂಲ್ಯವಾದ ದಿನಗಳು ಅವನ ಮಾತು ಕೇಳುತ್ತಾ ಕಳೆದುಹೋಗುತ್ತವೆ.

ಆ ದಿನಗಳ ಬೆಲೆಯನ್ನು ಅರಿತಿರಬೇಕು. ಬ್ಯಾಂಕಿನ ಕ್ರಮವನ್ನು ಪ್ರಶ್ನಿಸಿ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಲು ಇರುವುದು 45 ದಿನ. ಮಂಡಳಿ ಇರುವುದು ಬೆಂಗಳೂರಿನಲ್ಲಿ. ರಾತ್ರಿಯ ಹಂಪಿ ಎಕ್ಸ್‌ಪ್ರೆಸ್ ಹತ್ತಬೇಕು. “ಹರಾಜಿನ ದಿನದವರೆಗೂ ಸಮಯವಿದೆ” ಎಂದು ದಲ್ಲಾಳಿ ಹೇಳುತ್ತಾನೆ. ಸುಳ್ಳು. 2016ರ ತಿದ್ದುಪಡಿಯ ಮೇಲೆ, ಹರಾಜಿನ ಪ್ರಕಟಣೆ ಹೊರಡುವ ಮುನ್ನವೇ ಪೂರ್ಣ ಬಾಕಿಯನ್ನು ಕಟ್ಟಿದರೆ ಮಾತ್ರ ಮನೆ ಬಿಡಿಸಿಕೊಳ್ಳುವ ಹಕ್ಕು ಉಳಿಯುತ್ತದೆ. 2023ರಲ್ಲಿ ಸುಪ್ರೀಂ ಕೋರ್ಟು ಇದನ್ನು ಖಚಿತಪಡಿಸಿದೆ. ಬ್ಯಾಂಕಿನೊಡನೆ ತೀರುವಳಿಯ ಮಾತು ನಾವೇ ಹೋಗಿ, ಬರಹದಲ್ಲಿ ಆಡಬಹುದು. ಅದಕ್ಕೆ ನಡುವೆ ಯಾರೂ ಬೇಕಿಲ್ಲ. ಸಾಲ ಪೂರ್ತಿ ತೀರಿಸಿದ ಮೇಲೆ 30 ದಿನಗಳೊಳಗೆ ಬ್ಯಾಂಕು ಹಕ್ಕುಪತ್ರಗಳನ್ನು ಹಿಂದಿರುಗಿಸಬೇಕು. ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ತೆರಬೇಕು. ಇದು 2023ರ ಡಿಸೆಂಬರ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮ.

ನನ್ನ ಮಾತಿಗೆ ಎರಡು ಆಕ್ಷೇಪಣೆಗಳು ಬರುತ್ತವೆಂದು ಬಲ್ಲೆ. ಮೊದಲನೆಯದು: “ಸಾರ್, ಆಸ್ಪತ್ರೆಯಲ್ಲಿ ಹೆಂಡತಿ ಮಲಗಿರುವಾಗ ಕಾಯ್ದೆ ಓದುತ್ತಾ ಕೂರಲಾದೀತೆ? ನಮ್ಮ ಮನೆಗೆ ಖಾತೆಯೇ ಸರಿಯಿಲ್ಲ, ಬ್ಯಾಂಕು ಒಳಗೇ ಬಿಡುವುದಿಲ್ಲ.” ನಿಜ. ಅವಸರ ಮತ್ತು ಕಾಗದದ ಕೊರತೆ, ಇವೆರಡರ ಮೇಲೆಯೇ ಈ ದಂಧೆ ನಿಂತಿದೆ. ಖಾಸಗಿ ಸಾಲವನ್ನೇ ಮಾಡಬೇಡಿ ಎಂದು ನಾನು ಹೇಳುತ್ತಿಲ್ಲ. ಸಾಲವನ್ನು ಸಾಲವೆಂದೇ ಬರೆಯಿರಿ ಎನ್ನುತ್ತಿದ್ದೇನೆ. ಎರಡನೆಯದು: “ಕೊಟ್ಟವನ ಹಣಕ್ಕೆ ಭದ್ರತೆ ಬೇಡವೆ?” ಬೇಕು. ನೋಂದಾಯಿತ ಅಡಮಾನ ಪತ್ರ ಅವನಿಗೆ ಸಂಪೂರ್ಣ ಭದ್ರತೆ ಕೊಡುತ್ತದೆ. ನಾವು ತಪ್ಪಿದರೆ ನ್ಯಾಯಾಲಯದ ಮೂಲಕ ಮನೆಯನ್ನು ಮಾರಿಸಿ ಹಣ ಪಡೆಯಲು ಅವನಿಗೆ 12 ವರ್ಷಗಳ ಕಾಲಾವಕಾಶವಿದೆ. ಸಾಲ ಕಳೆದು ಮಿಕ್ಕದ್ದು ನಮಗೆ ಬರುತ್ತದೆ. ನ್ಯಾಯವಾಗಿ ಹಣ ವಾಪಸು ಬಯಸುವವನಿಗೆ ಇಷ್ಟು ಸಾಕು. “ಅಡಮಾನ ಪತ್ರ ಆಗದು, ಕ್ರಯಪತ್ರವೇ ಬೇಕು” ಎನ್ನುವವನು ತನ್ನ ಮನಸ್ಸನ್ನು ತಾನೇ ಬಿಚ್ಚಿಟ್ಟಂತಾಯಿತು. ಆ ಕ್ಷಣವೇ ಎದ್ದು ಬನ್ನಿ.

ಊರಿನಲ್ಲಿ ತಂದೆತಾಯಿಗಳನ್ನು ಬಿಟ್ಟು ದೂರದ ಊರುಗಳಲ್ಲಿರುವ ನೀವು ಒಂದು ಕೆಲಸ ಮಾಡಿ. ಕಾವೇರಿ ತಂತ್ರಾಂಶದಲ್ಲಿ ಮನೆಯ ಋಣಭಾರ ಪತ್ರವನ್ನು, ನಮ್ಮವರು ಈಸಿ ಎನ್ನುವುದನ್ನು, ಕುಳಿತಲ್ಲಿಂದಲೇ ಪಡೆಯಬಹುದು. ವರ್ಷಕ್ಕೊಮ್ಮೆ ತೆಗೆದು ನೋಡಿ. ಈಗಾಗಲೇ ಯಾರಾದರೂ ಇಂಥ ಪತ್ರ ಬರೆದುಕೊಟ್ಟಿದ್ದರೆ ಮೂರು ವರ್ಷ ತುಂಬುವ ಮೊದಲು ವಕೀಲರನ್ನು ಕಾಣಿ. ಬಡ್ಡಿ ಕಟ್ಟಿದ ಪ್ರತಿಯೊಂದು ಚೀಟಿ, ಫೋನಿನಲ್ಲಿ ಬಂದ ಸಂದೇಶ, ಬ್ಯಾಂಕಿನ ಪಾಸ್‌ಪುಸ್ತಕ, ಕ್ರಯದ ಮೇಲೂ ನಾವೇ ಕಟ್ಟಿದ ಮನೆಗಂದಾಯದ ರಸೀದಿ, ಇವೆಲ್ಲ ಸಾಕ್ಷ್ಯಗಳು. ಒಂದನ್ನೂ ಎಸೆಯಬೇಡಿ. ವಕೀಲರಿಗೆ ಕೊಡಲು ಹಣವಿಲ್ಲವೆಂದರೆ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯಿದೆ. 1987ರ ಕಾಯ್ದೆಯಂತೆ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. 15100 ಎಂಬ ಸಂಖ್ಯೆಗೆ ಕರೆ ಮಾಡಿದರೂ ದಾರಿ ತೋರಿಸುತ್ತಾರೆ.

ಕೊನೆಯದಾಗಿ, ಈ ಮೋಸಕ್ಕೆ ಎಲ್ಲಕ್ಕಿಂತ ದೊಡ್ಡ ಆಸರೆ ನಮ್ಮ ಮರ್ಯಾದೆಯ ಭಯ. ಸಾಲವಾಗಿದೆಯೆಂದು ಅಣ್ಣತಮ್ಮಂದಿರಿಗೆ ಹೇಳಲು ನಾಚಿಕೆ, ಮನೆ ಹೋಯಿತೆಂದು ನೆರೆಹೊರೆಯವರಿಗೆ ತಿಳಿದೀತೆಂಬ ಅಳುಕು. ಮದುವೆಗೆ ಮುನ್ನೂರು ಜನರನ್ನು ಕರೆಯುವ ನಾವು ಸಾಲದ ಕಾಗದಕ್ಕೆ ಒಬ್ಬ ತಿಳಿದವರನ್ನೂ ಕರೆಯುವುದಿಲ್ಲ. ಕರೆದರೂ ನನ್ನಂಥವರನ್ನು ಕರೆಯುತ್ತೇವೆ, ಓದದೆ ಸಹಿ ಹಾಕಲು. ಸಾಕ್ಷಿಯಾದವನು ಸಹಿಗೆ ಮಾತ್ರ ಸಾಕ್ಷಿ, ಒಳಗಿನ ವಿಷಯಕ್ಕಲ್ಲ ಎಂದು ಕಾನೂನು ಬಲ್ಲವರು ನನಗೆ ಸಮಾಧಾನ ಹೇಳಿದ್ದಾರೆ. ಕಾನೂನಿನಲ್ಲಿ ಅದು ಸರಿಯಿರಬಹುದು. ಆದರೆ ಚಿತ್ತವಾಡ್ಗಿಯ ಆ ಮನುಷ್ಯ ನನ್ನನ್ನು ಕರೆದದ್ದು ನನ್ನ ಅಕ್ಷರ ಚೆನ್ನಾಗಿದೆಯೆಂದಲ್ಲ. ಮೇಷ್ಟ್ರು ಪಕ್ಕದಲ್ಲಿದ್ದರೆ ಮೋಸವಾಗದು ಎಂದು ನಂಬಿ ಕರೆದರು. ನಿಮ್ಮಲ್ಲಿ ಮೇಷ್ಟ್ರುಗಳಿದ್ದೀರಿ, ನೌಕರರಿದ್ದೀರಿ, ಊರಿನಲ್ಲಿ ನಾಲ್ಕು ಜನ ಬಲ್ಲವರಿದ್ದೀರಿ. ನಾಳೆ ನಿಮ್ಮನ್ನೂ ಯಾರಾದರೂ ಕರೆಯುತ್ತಾರೆ. ಪೂರ್ತಿ ಓದಿ. ಬಾಯಲ್ಲಿ ಹೇಳಿದ್ದಕ್ಕೂ ಕಾಗದದಲ್ಲಿ ಬರೆದದ್ದಕ್ಕೂ ತಾಳೆಯಾಗದಿದ್ದರೆ ಸಹಿ ಹಾಕಬೇಡಿ. ಮುನಿಸಿಕೊಂಡರೆ ಮುನಿಸಿಕೊಳ್ಳಲಿ.

ಕಂಪ್ಲಿಯ ಶಿಷ್ಯನಿಗೆ ಮರುದಿನ ಫೋನು ಮಾಡಿದೆ. “ಶರತ್ತನ್ನು ಆ ಪತ್ರದೊಳಗೇ ಬರೆಯಲು ಕೇಳಿ ನೋಡು” ಎಂದೆ. ಕೇಳಿದನಂತೆ. ಸಾಲ ಕೊಡುವವನು ಫೈಲನ್ನು ಮುಚ್ಚಿ “ಹಂಗಾದ್ರೆ ಬ್ಯಾಡ” ಎಂದನಂತೆ. ಹೆಂಡತಿಯ ಒಡವೆಗಳನ್ನು ಬ್ಯಾಂಕಿನಲ್ಲಿಟ್ಟು ಸದ್ಯಕ್ಕೆ ಅರ್ಧ ಹಣ ಹೊಂದಿಸಿದ್ದಾನೆ. ಉಳಿದ ಅರ್ಧಕ್ಕೆ ಇನ್ನೂ ಅಲೆಯುತ್ತಿದ್ದಾನೆ, ನನ್ನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಇರಲಿ. ಮನೆ ಅವನ ಹೆಸರಿನಲ್ಲಿಯೇ ಇದೆ.